ಥೈರಾಯ್ಡ್ ಮಾತ್ರೆ: ಡೋಸ್ ಏರಿಸುವ ಮೊದಲು ಬೆಳಗಿನ ಒಂದು ಗಂಟೆ ನೋಡಿ

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರ ರಿಪೋರ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನ್; ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಇದು ಏರುತ್ತದೆ) ಏರಿ ಬಂದರೆ ಸಾಮಾನ್ಯವಾಗಿ 75 ಮೈಕ್ರೋಗ್ರಾಂ ಇದ್ದ ಡೋಸ್ 100 ಆಗುತ್ತದೆ. ಎರಡು ತಿಂಗಳು ಬಿಟ್ಟು ಮತ್ತೆ ಹೆಚ್ಚಿದ್ದರೆ 125. ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಕಾಫಿ ಕುಡಿಯುತ್ತೀರಿ, ಅದರ ಜೊತೆ ಇನ್ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳುವವರು ಕಡಿಮೆ. ಕೇಳದಿದ್ದರೂ ತಾವಾಗಿಯೇ ಹೇಳುವ ರೋಗಿಗಳು ಇನ್ನೂ ಕಡಿಮೆ. ಎಷ್ಟೋ ಮನೆಗಳಲ್ಲಿ ಕೊರತೆ ಇರುವುದು ಡೋಸಿನಲ್ಲಲ್ಲ, ನುಂಗುವ ರೀತಿಯಲ್ಲಿ.

ಇಲ್ಲಿ ಹೇಳುತ್ತಿರುವುದು ಲೆವೊಥೈರಾಕ್ಸಿನ್ ಬಗ್ಗೆ. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಮುಂತಾದ ಹೆಸರಿನಲ್ಲಿ ಸಿಗುವುದೆಲ್ಲ ಇದೇ. ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುವವರಿಗೆ, ಅಂದರೆ ಹೈಪೋ ಇರುವವರಿಗೆ ಕೊಡುವ ಔಷಧಿ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಹೈಪರ್‌ನವರು ತೆಗೆದುಕೊಳ್ಳುವ ಕಾರ್ಬಿಮಜೋಲ್ ಇದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಈ ಲೇಖನದ ನಿಯಮಗಳು ಅನ್ವಯಿಸುವುದಿಲ್ಲ. "ನಂಗೂ ಥೈರಾಯ್ಡು, ನಿಂಗೂ ಥೈರಾಯ್ಡು" ಎಂದು ಅಕ್ಕಪಕ್ಕದವರು ಮಾತ್ರೆ ಹಂಚಿಕೊಳ್ಳುವುದು ಅಪಾಯ ಎನ್ನುವುದು ಇದಕ್ಕೇ.

ಇಷ್ಟೊಂದು ಕಟ್ಟುನಿಟ್ಟು ಯಾಕೆ?

100 ಎಂಸಿಜಿ (ಮೈಕ್ರೋಗ್ರಾಂ) ಮಾತ್ರೆಯಲ್ಲಿ ನಿಜವಾದ ಔಷಧಿ ಇರುವುದು ಒಂದು ಗ್ರಾಮಿನ ಹತ್ತುಸಾವಿರದಲ್ಲಿ ಒಂದು ಭಾಗ. ಉಳಿದದ್ದು ಮಾತ್ರೆಗೆ ಆಕಾರ ಕೊಡುವ ಪುಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಈ ಚೂರಿನಲ್ಲಿ ಸುಮಾರು 60ರಿಂದ 80 ಶೇಕಡಾ ಮಾತ್ರ ಸಣ್ಣಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ತಿಂಡಿ, ಹಾಲು, ಕ್ಯಾಲ್ಸಿಯಂ, ಕಬ್ಬಿಣ ಏನಿದ್ದರೂ ಆ ಪ್ರಮಾಣ ಇನ್ನೂ ಇಳಿಯುತ್ತದೆ. ಒಂದು ದಿನ ಖಾಲಿ ಹೊಟ್ಟೆಯಲ್ಲಿ, ಮರುದಿನ ಉಪ್ಪಿಟ್ಟಿನ ಜೊತೆ, ಅದರ ಮರುದಿನ ಕಾಫಿಯ ಜೊತೆ ನುಂಗಿದರೆ ಬಾಟಲಿಯ ಮೇಲೆ 100 ಎಂದಿದ್ದರೂ ಒಳಗೆ ಸೇರುವುದು ದಿನಕ್ಕೊಂದು ಲೆಕ್ಕ. ಟಿಎಸ್‌ಎಚ್ ಅಂತೂ ಬಹಳ ಸೂಕ್ಷ್ಮ. ರಕ್ತದಲ್ಲಿ ಟಿ4, ಅಂದರೆ ಥೈರಾಕ್ಸಿನ್ ಹಾರ್ಮೋನ್, ಸ್ವಲ್ಪ ಇಳಿದರೆ ಸಾಕು, ಅದು ಹಲವು ಪಟ್ಟು ಏರುತ್ತದೆ.

ಬೆಳಗಿನ ಕ್ರಮ

1. ಬಾಟಲಿ ಹಾಸಿಗೆಯ ಪಕ್ಕದಲ್ಲೋ ಹಲ್ಲುಜ್ಜುವ ಬ್ರಷ್ ಕಣ್ಣಿಗೆ ಬೀಳುವ ಹಾದಿಯಲ್ಲೋ ಇರಲಿ. ಬಚ್ಚಲುಮನೆಯ ಒಳಗೆ ಮಾತ್ರ ಬೇಡ, ಅಲ್ಲಿ ಹಬೆ.

2. ಎದ್ದ ಕೂಡಲೇ ಮಾತ್ರೆ ನುಂಗಿ, ಮುಕ್ಕಾಲು ಲೋಟವಾದರೂ ನೀರು ಕುಡಿಯಿರಿ. ಅರ್ಧ ಗುಟುಕು ನೀರಿಗೆ ಈ ಮಾತ್ರೆ ಗಂಟಲಲ್ಲೇ ಅಂಟಿಕೊಳ್ಳುತ್ತದೆ. ಉಗುರು ಬೆಚ್ಚಗಿನ ನೀರಾದರೂ ಸರಿ, ಆದರೆ ಬರೀ ನೀರು. ಜೀರಿಗೆ ನೀರು, ನೆನೆಸಿದ ಮೆಂತ್ಯದ ನೀರು, ನಿಂಬೆ-ಜೇನುತುಪ್ಪ ಇವೆಲ್ಲ ಕಾಫಿಯ ಸಾಲಿಗೇ ಸೇರಲಿ, ಆಮೇಲೆ.

3. ಗಡಿಯಾರ ನೋಡಿಕೊಳ್ಳಿ. ಕನಿಷ್ಠ ಅರ್ಧ ಗಂಟೆ, ಸರಿಯಾಗಿ ಹೇಳಬೇಕೆಂದರೆ ಒಂದು ಗಂಟೆ, ನೀರು ಬಿಟ್ಟು ಬೇರೇನೂ ಬೇಡ. ವಾಕಿಂಗ್, ಸ್ನಾನ, ಪೂಜೆ, ಮಕ್ಕಳ ಡಬ್ಬಿ ಕಟ್ಟುವುದು ಎಲ್ಲ ಈ ಗಂಟೆಯಲ್ಲಿ ಮುಗಿಯಲಿ.

4. ಆ ಗಂಟೆ ಕಳೆದ ಮೇಲೆ ಕಾಫಿ, ತಿಂಡಿ.

5. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳು ನಾಲ್ಕು ಗಂಟೆ ಬಿಟ್ಟು.

ಈ ಐದರಲ್ಲಿ ನಮ್ಮ ಕಡೆ ಕೈಕೊಡುವುದು ಮೂರನೆಯದು. ಕಾಫಿ ಕುಡಿಯದೆ ಕಣ್ಣೇ ಬಿಡುವುದಿಲ್ಲ ಎನ್ನುವ ಮನೆಗಳಲ್ಲಿ ಮಾತ್ರೆ ನುಂಗಿದ ಐದು ನಿಮಿಷಕ್ಕೆ ಫಿಲ್ಟರ್ ಕಾಫಿಯ ಲೋಟ ಕೈಗೆ ಬಂದಿರುತ್ತದೆ. "ತಿಂಡಿ ತಿಂದಿಲ್ಲವಲ್ಲ, ಖಾಲಿ ಹೊಟ್ಟೆಯೇ" ಎಂಬ ಸಮಾಧಾನ ಬೇರೆ. ಕಾಫಿ ತಾನೇ ಈ ಔಷಧಿ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಕಪ್ಪು ಕಾಫಿಯಾದರೂ ಅಷ್ಟೆ. ಅದರಲ್ಲಿ ಹಾಲು ಬೆರೆತರೆ ಕ್ಯಾಲ್ಸಿಯಂ ಕೂಡ ಜೊತೆಯಾಯಿತು. ಟೀ ಕೂಡ ಒಂದು ಗಂಟೆ ಕಾಯಲಿ.

ಇನ್ನೊಂದು ಯಾರ ಗಮನಕ್ಕೂ ಬಾರದ್ದು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೊತೆಗೆ ನಾರಿನಂಶ. ಬೆಳಿಗ್ಗೆ ಎದ್ದು ಮಾತ್ರೆ, ಹಿಂದೆಯೇ ಹಾಲು ಹಾಕಿದ ರಾಗಿ ಮಾಲ್ಟ್ ಎಂದರೆ ಮಾತ್ರೆಯ ದಾರಿಗೆ ಅಡ್ಡ ನಿಂತ ಹಾಗೆ. ರಾಗಿ ಬಿಡಬೇಕಿಲ್ಲ, ಮುದ್ದೆ ಬಿಡಬೇಕಿಲ್ಲ. ಮಾಲ್ಟನ್ನು ಹತ್ತು-ಹನ್ನೊಂದು ಗಂಟೆಗೆ ತಳ್ಳಿ, ಸಾಕು. ಸೋಯಾ ಹಾಲಿಗೂ ಇದೇ ಮಾತು.

ಎಲೆಕೋಸು, ಹೂಕೋಸು, ಮೂಲಂಗಿ ಮುಟ್ಟಲೇಬಾರದು ಎಂದು ಹೆದರಿಸುವವರಿದ್ದಾರೆ. ಬೇಯಿಸಿದ ಪಲ್ಯ ಹುಳಿಯ ಪ್ರಮಾಣಕ್ಕೆ ಏನೂ ಆಗುವುದಿಲ್ಲ. ಅಯೋಡಿನ್ ಉಪ್ಪನ್ನೇ ಬಿಟ್ಟು ಕಲ್ಲುಪ್ಪಿಗೋ ಹಿಮಾಲಯದ ಗುಲಾಬಿ ಉಪ್ಪಿಗೋ ಹೋಗುವುದರಲ್ಲೂ ಅರ್ಥವಿಲ್ಲ. ಹಾಗೆಯೇ ಅಯೋಡಿನ್ ಪುಡಿ, ಕಡಲಪಾಚಿ ಕ್ಯಾಪ್ಸೂಲ್ ತರಿಸಿ ತಿನ್ನುವುದರಿಂದ ಗ್ರಂಥಿ ಇನ್ನಷ್ಟು ಕೆಡಬಹುದು.

ಬೆಳಿಗ್ಗೆ ಆಗುವುದೇ ಇಲ್ಲ ಎಂದರೆ

ನೈಟ್ ಶಿಫ್ಟ್‌ನವರು, ಐದೂವರೆಗೆ ಬಸ್ ಹಿಡಿಯುವವರು, ಕಾಫಿ ಬಿಟ್ಟಿರಲಾರದ ಹಿರಿಯರು ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಊಟವಾಗಿ ಮೂರು ಗಂಟೆ ಆಗಿರಬೇಕು. ಎಂಟಕ್ಕೆ ಊಟ ಮುಗಿಸಿದವರು ಹನ್ನೊಂದಕ್ಕೆ ನುಂಗಿ ಮಲಗಬಹುದು. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವವರಿಗೆ, ಮಲಗುವಾಗ ಒಂದು ಲೋಟ ಹಾಲು ಬೇಕೇ ಬೇಕು ಎನ್ನುವವರಿಗೆ ಈ ದಾರಿ ಆಗದು. ರಾತ್ರಿ ಊಟದ ನಂತರ ಕ್ಯಾಲ್ಸಿಯಂ ನುಂಗುತ್ತಿದ್ದರೆ ಅದನ್ನು ಮಧ್ಯಾಹ್ನಕ್ಕೆ ಬದಲಿಸಬೇಕು. ಬೆಳಗಿನಿಂದ ರಾತ್ರಿಗೆ ಬದಲಿಸಿದ ಮೇಲೆ ಆರೆಂಟು ವಾರಕ್ಕೆ ಒಮ್ಮೆ ಟಿಎಸ್‌ಎಚ್ ನೋಡಿಸಿ.

ರಂಜಾನ್ ಉಪವಾಸದವರಿಗೂ ಇದೇ ಲೆಕ್ಕ: ಇಫ್ತಾರ್ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ, ಇಲ್ಲವೇ ಸಹರಿ ಊಟಕ್ಕೆ ಅರ್ಧ-ಒಂದು ಗಂಟೆ ಮುಂಚೆ ಎದ್ದು. ನೀರೂ ಮುಟ್ಟದೆ ಏಕಾದಶಿ ಮಾಡುವವರು ತಿಂಗಳಿಗೆ ಎರಡು ದಿನ ಮಾತ್ರೆ ಬಿಟ್ಟರೆ ಇಡೀ ತಿಂಗಳ ಡೋಸಿನಲ್ಲಿ 7 ಶೇಕಡಾ ಹೋಯಿತು. ಒಂದು ದಿನಕ್ಕೆ ಏನೂ ಆಗದು, ವರ್ಷವಿಡೀ ಹೀಗೇ ನಡೆದರೆ ರಿಪೋರ್ಟಿನಲ್ಲಿ ಕಾಣಿಸಬಹುದು. ವ್ರತದ ವಿಷಯ ವೈದ್ಯರಿಗೆ ಹೇಳಿದರೆ ಮಾತ್ರೆಯನ್ನು ಹಿಂದಿನ ರಾತ್ರಿಗೆ ಹೊಂದಿಸಿಕೊಡುತ್ತಾರೆ. ಹೇಳದೆ ಬಿಟ್ಟರೆ ಡೋಸ್ ಏರುತ್ತದೆ, ಅಷ್ಟೆ.

ಜೊತೆಯ ಗುಳಿಗೆಗಳು

ಕ್ಯಾಲ್ಸಿಯಂ ಮತ್ತು ಕಬ್ಬಿಣ ಹೊಟ್ಟೆಯಲ್ಲೇ ಥೈರಾಕ್ಸಿನ್ ಅನ್ನು ಕಟ್ಟಿಹಾಕುತ್ತವೆ. ಕಟ್ಟಿಕೊಂಡದ್ದು ಮಲದಲ್ಲಿ ಹೊರಹೋಗುತ್ತದೆ. ಮಲ್ಟಿವಿಟಮಿನ್ ಮಾತ್ರೆಯ ಒಳಗೂ ಇವು ಇರಬಹುದು, ಪಟ್ಟಿಯ ಹಿಂದೆ ಓದಿ ನೋಡಿ. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್‌ಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್, ಮಲಬದ್ಧತೆಗೆ ಇಸಬಗೋಲ್ ಇವುಗಳಿಗೂ ನಾಲ್ಕು ಗಂಟೆಯ ಅಂತರವೇ ಕ್ಷೇಮ.

ಗ್ಯಾಸ್ಟ್ರಿಕ್ ಮಾತ್ರೆಯ ಕಥೆ ಬೇರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೂಡ ಖಾಲಿ ಹೊಟ್ಟೆಗೇ ಎಂದು ಬರೆದಿರುತ್ತಾರೆ. ಮೊದಲು ಯಾವುದು ಎಂಬ ಗೊಂದಲ ಮನೆಮನೆಯಲ್ಲೂ ಇದೆ. ಮೊದಲು ಥೈರಾಯ್ಡ್ ಮಾತ್ರೆ, ಅರ್ಧ ಗಂಟೆಗೆ ಗ್ಯಾಸ್ಟ್ರಿಕ್ ಮಾತ್ರೆ, ಇನ್ನರ್ಧ ಗಂಟೆಗೆ ತಿಂಡಿ ಎಂದು ಇಟ್ಟುಕೊಳ್ಳಿ. ಆದರೆ ಅಂತರ ಇಟ್ಟ ಮಾತ್ರಕ್ಕೆ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ಈ ಔಷಧಿಗಳು ಇಡೀ ದಿನ ಹೊಟ್ಟೆಯ ಆಮ್ಲವನ್ನೇ ತಗ್ಗಿಸುತ್ತವೆ, ಥೈರಾಯ್ಡ್ ಮಾತ್ರೆ ಚೆನ್ನಾಗಿ ಕರಗಲು ಆ ಆಮ್ಲವೇ ಬೇಕು. ವಾರಗಟ್ಟಲೆ ತೆಗೆದುಕೊಳ್ಳುವುದಾದರೆ ಶುರುಮಾಡಿದ ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿ ಡೋಸ್ ಹೊಂದಿಸಬೇಕು, ನಿಲ್ಲಿಸಿದಾಗಲೂ ಅಷ್ಟೆ. ಎದೆಯುರಿ ಇದ್ದ ದಿನ ಒಂದು, ಇಲ್ಲದ ದಿನ ಇಲ್ಲ ಎಂಬ ಪದ್ಧತಿಯಲ್ಲಿ ಟಿಎಸ್‌ಎಚ್ ಯಾವತ್ತೂ ಒಂದು ಕಡೆ ನಿಲ್ಲುವುದಿಲ್ಲ.

ಇನ್ನು ಕೆಲವು ಔಷಧಿಗಳು ಹೊಟ್ಟೆಯಲ್ಲಲ್ಲ, ದೇಹದೊಳಗೆ ಹಾರ್ಮೋನನ್ನು ಬೇಗ ಖರ್ಚುಮಾಡಿಸುತ್ತವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಗುಂಪಿನವು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಶುರುಮಾಡಿದವರಿಗೂ ಥೈರಾಕ್ಸಿನ್ ಹೆಚ್ಚು ಬೇಕಾಗಬಹುದು. ಟಿಬಿ ಚಿಕಿತ್ಸೆ ಮುಗಿದ ಮೇಲೆ ಏರಿಸಿದ ಡೋಸನ್ನು ಇಳಿಸುವುದೂ ನೆನಪಿರಲಿ. ಅದು ಹಾಗೇ ಉಳಿದರೆ ಎದೆ ಡವಡವ ಶುರುವಾಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಥೈರಾಕ್ಸಿನ್ ಏರಿಸಿದರೆ ವಾರ್ಫರಿನ್‌ನ ಪರಿಣಾಮ ಹೆಚ್ಚಾಗುತ್ತದೆ, ಐಎನ್‌ಆರ್ (ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂಬ ಪರೀಕ್ಷೆ) ಬೇಗ ನೋಡಿಸಬೇಕು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಅಗತ್ಯವೂ ಬದಲಾಗಬಹುದು.

ಡೋಸ್ ಹೇಗೆ ನಿರ್ಧಾರವಾಗುತ್ತದೆ

ಗ್ರಂಥಿ ಪೂರ್ತಿ ನಿಂತಿದ್ದರೆ ಅಥವಾ ಆಪರೇಷನ್ ಮಾಡಿ ತೆಗೆದಿದ್ದರೆ ಅಂದಾಜು ಲೆಕ್ಕ ದಿನಕ್ಕೆ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ. 60 ಕಿಲೋ ಇದ್ದವರಿಗೆ 96, ಅಂದರೆ 100ರ ಮಾತ್ರೆ. ಗ್ರಂಥಿ ಇನ್ನೂ ಅರ್ಧಂಬರ್ಧ ಕೆಲಸ ಮಾಡುತ್ತಿದ್ದರೆ 25 ಅಥವಾ 50 ಸಾಕಾಗಬಹುದು. ಹಾಗಾಗಿ "ಅವಳಿಗೆ 50, ನನಗೆ ಮಾತ್ರ 125, ನನ್ನದು ಜಾಸ್ತಿ ಕಾಯಿಲೆ" ಎಂಬ ಹೋಲಿಕೆಗೆ ಅರ್ಥವಿಲ್ಲ.

ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಒಮ್ಮೆಲೇ ಪೂರ್ತಿ ಡೋಸ್ ಕೊಡುವುದಿಲ್ಲ. 12.5 ಅಥವಾ 25ರಿಂದ ಶುರುಮಾಡಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಹಾರ್ಮೋನ್ ಏರಿದಂತೆ ಹೃದಯ ಜೋರಾಗಿ ದುಡಿಯುತ್ತದೆ, ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವು ಬರಬಹುದು. ಗುರಿಯೂ ಬೇರೆ: ಸಾಮಾನ್ಯವಾಗಿ ಟಿಎಸ್‌ಎಚ್ 0.4ರಿಂದ 4ರ ಆಸುಪಾಸು ಇದ್ದರೆ, 70 ದಾಟಿದವರಲ್ಲಿ 4ರಿಂದ 6 ಇದ್ದರೂ ಒಪ್ಪುವ ವೈದ್ಯರು ಬಹಳ. ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ "ಹೈ" ಎಂದು ಬಂತೆಂದು ಅಜ್ಜಿಗೆ ಮನೆಯವರೇ ಒಂದು ಮಾತ್ರೆ ಹೆಚ್ಚಿಸಬೇಡಿ. ಅತಿಯಾದ ಡೋಸಿಗೆ ಹಿರಿಯರು ತೆರುವ ಬೆಲೆ ದೊಡ್ಡದು: ಎದೆಬಡಿತ ತಾಳತಪ್ಪುವುದು, ಮೂಳೆ ಸವೆಯುವುದು. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಕೆಲವರಿಗೆ ಟಿಎಸ್‌ಎಚ್ ಬೇಕೆಂದೇ ಕೆಳಗಿಟ್ಟಿರುತ್ತಾರೆ. ಅವರೂ ಬೇರೆಯವರ ಅಂಕಿ ನೋಡಿ ಡೋಸ್ ಇಳಿಸಬಾರದು.

ಹ್ಯಾಶಿಮೊಟೊ, ಅಂದರೆ ನಮ್ಮದೇ ರೋಗನಿರೋಧಕ ಶಕ್ತಿ ಗ್ರಂಥಿಯ ಮೇಲೆ ಬೀಳುವ ತೊಂದರೆಯಲ್ಲಿ ಗ್ರಂಥಿ ವರ್ಷ ವರ್ಷಕ್ಕೆ ಸೋಲುತ್ತದೆ. ಎಲ್ಲ ಸರಿಯಾಗಿ ಪಾಲಿಸಿದರೂ ಡೋಸ್ ಏರಬೇಕಾಗುವುದು ಅಲ್ಲಿ ಸಹಜ. ತೂಕ ಹೆಚ್ಚು ಕಡಿಮೆ ಆದಾಗ, ತೂಕ ಇಳಿಸುವ ಆಪರೇಷನ್ ಆದಾಗ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದಾಗ, ಹೊಟ್ಟೆಯಲ್ಲಿ ಎಚ್. ಪೈಲೊರಿ ಸೋಂಕು ಇದ್ದಾಗಲೂ ಲೆಕ್ಕ ಬದಲಾಗುತ್ತದೆ. ಕ್ರಮ ತಪ್ಪದೆ ನುಂಗಿಯೂ ಕಿಲೋಗೆ 2 ಮೈಕ್ರೋಗ್ರಾಂಗಿಂತ ಹೆಚ್ಚು ಬೇಕಾಗುತ್ತಿದ್ದರೆ ಮತ್ತೆ ಏರಿಸುವ ಬದಲು ಕರುಳಿನ ಕಡೆ ನೋಡುವುದು ಜಾಣತನ.

75 ಮತ್ತು 100ರ ನಡುವಿನ ಡೋಸ್ ಬೇಕಾದಾಗ ದಿನ ಬಿಟ್ಟು ದಿನ ಒಂದೊಂದು ಕೊಡುವುದುಂಟು. ಇದರಿಂದ ಏರುಪೇರಾಗುವುದಿಲ್ಲವೇ ಎಂದು ಕೇಳುತ್ತಾರೆ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು, ಹಾಗಾಗಿ ಎರಡೂ ಸೇರಿ 87.5ರ ಸರಾಸರಿ ಬೀಳುತ್ತದೆ. ಲೆಕ್ಕ ತಪ್ಪುವವರಿಗೆ 88ರ ಮಾತ್ರೆಯೇ ಸಿಗುತ್ತದೆ, ಕೇಳಿ ಬರೆಸಿಕೊಳ್ಳಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಆಮೇಲೆ ಎದೆಹಾಲೂ ಬಾರದೆ, ಮುಟ್ಟೂ ನಿಂತುಹೋದ ಹೆಂಗಸರಲ್ಲಿ ತೊಂದರೆ ಥೈರಾಯ್ಡಿನದ್ದಲ್ಲ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯದ್ದಾಗಿರಬಹುದು. ಅವರ ಟಿಎಸ್‌ಎಚ್ ನಂಬುವಂತಿಲ್ಲ, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್) ನೋಡಬೇಕು. ಪಿಟ್ಯುಟರಿ ಸೋತಾಗ ಬಿಪಿ ಹಿಡಿದಿಡುವ ಕಾರ್ಟಿಸೋಲ್ ಎಂಬ ಹಾರ್ಮೋನ್ ಕೂಡ ಕಡಿಮೆಯಾಗಿರಬಹುದು. ಆ ಕೊರತೆ ಸರಿಪಡಿಸದೆ ಥೈರಾಯ್ಡ್ ಮಾತ್ರೆ ಶುರುಮಾಡಿದರೆ ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಈ ಹಿನ್ನೆಲೆ ಇದ್ದರೆ ವೈದ್ಯರು ಕೇಳುವವರೆಗೆ ಕಾಯದೆ ಹೇಳಿಬಿಡಿ.

ಗರ್ಭಿಣಿಯಾದರೆ ಕಾಯಬೇಡಿ

ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಹಾರ್ಮೋನ್ ಇರುವುದಿಲ್ಲ, ಮೆದುಳಿನ ಬೆಳವಣಿಗೆಗೆ ತಾಯಿಯದ್ದೇ ಬೇಕು. ತಾಯಿಯ ಅಗತ್ಯ 25ರಿಂದ 30 ಶೇಕಡಾ ಏರುತ್ತದೆ, ಅದೂ ಮೊದಲ ವಾರಗಳಿಂದಲೇ. ವಾರಕ್ಕೆ ಏಳು ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಒಂಬತ್ತು ತೆಗೆದುಕೊಳ್ಳುವುದು, ಅಂದರೆ ವಾರದಲ್ಲಿ ಎರಡು ದಿನ ಎರಡೆರಡು, ಚಾಲ್ತಿಯಲ್ಲಿರುವ ಸುಲಭ ಲೆಕ್ಕ. ಮಗು ಬೇಕೆಂದು ಯೋಚಿಸುವಾಗಲೇ ಇದನ್ನು ವೈದ್ಯರ ಹತ್ತಿರ ಮಾತಾಡಿ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಟೆಸ್ಟ್ ಪಾಸಿಟಿವ್ ಬಂದ ದಿನವೇ ಜಾರಿಗೆ ಬರಲಿ. ಮೊದಲ ಸ್ಕ್ಯಾನಿಂಗ್‌ಗೆ ಕಾದರೆ ಮುಖ್ಯವಾದ ವಾರಗಳು ಕಳೆದಿರುತ್ತವೆ. ಐದು ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ, ಮತ್ತೆ 30ನೇ ವಾರದ ಹೊತ್ತಿಗೆ ಒಮ್ಮೆ ಟಿಎಸ್‌ಎಚ್ ಮಾಡಿಸಬೇಕು, 2.5ರ ಒಳಗಿದ್ದರೆ ಒಳ್ಳೆಯದು.

ಎಡವುವುದು ಇನ್ನೊಂದು ಕಡೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಎರಡೂ ಈ ತಿಂಗಳುಗಳಲ್ಲೇ ಶುರುವಾಗುತ್ತವೆ. ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿ ಮುಗಿಸೋಣ ಎಂದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್, ಏಳು ಕಳೆದ ಮೇಲೆ ತಿಂಡಿ, ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ಕಬ್ಬಿಣಾಂಶ, ರಾತ್ರಿ ಊಟದ ನಂತರ ಕ್ಯಾಲ್ಸಿಯಂ. ದಿನಕ್ಕೆ ಎರಡು ಕ್ಯಾಲ್ಸಿಯಂ ಬರೆದಿದ್ದರೆ ಇನ್ನೊಂದು ಬೆಳಿಗ್ಗೆ ಹತ್ತೂವರೆಗೆ. ಬೆಳಗಿನ ವಾಂತಿ ಇದ್ದವರು ಥೈರಾಯ್ಡ್ ಮಾತ್ರೆಯನ್ನು ರಾತ್ರಿಗೆ ಬದಲಿಸುವುದಾದರೆ ಕ್ಯಾಲ್ಸಿಯಂ ಸಂಜೆಗೂ ಮುಂಚೆ ಮುಗಿದಿರಲಿ. ಹೆರಿಗೆಯಾದ ಕೂಡಲೇ ಸಾಮಾನ್ಯವಾಗಿ ಹಳೆಯ ಡೋಸಿಗೆ ಮರಳಬೇಕು, ಆರು ವಾರಕ್ಕೆ ಪರೀಕ್ಷೆ. ಬಾಣಂತನದ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ. ಹಾಲೂಡಿಸಲು ಈ ಮಾತ್ರೆ ಅಡ್ಡಿಯಿಲ್ಲ.

ರಕ್ತಪರೀಕ್ಷೆಯ ದಿನ

ಡೋಸ್ ಬದಲಿಸಿ ಎರಡೇ ವಾರಕ್ಕೆ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ. ಆರರಿಂದ ಎಂಟು ವಾರ ಬೇಕು. ಕಂಪನಿ ಬದಲಿಸಿದರೂ ಅಷ್ಟೇ ವಾರಕ್ಕೆ ಒಮ್ಮೆ ನೋಡಿಸಿ. ಆದಷ್ಟು ಒಂದೇ ಕಂಪನಿಯ ಮಾತ್ರೆಗೆ ಅಂಟಿಕೊಳ್ಳಿ. ಡೋಸ್ ಒಂದು ಕಡೆ ನಿಂತವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು.

ಆ ದಿನ ಬೆಳಿಗ್ಗೆ ರಕ್ತ ಕೊಟ್ಟ ನಂತರ ಮಾತ್ರೆ ನುಂಗಿ. ನುಂಗಿ ಎರಡು-ನಾಲ್ಕು ಗಂಟೆಯೊಳಗೆ ಫ್ರೀ ಟಿ4 ತಾತ್ಕಾಲಿಕವಾಗಿ ಏರಿರುತ್ತದೆ. ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ. ಒಮ್ಮೆ ಬೆಳಿಗ್ಗೆ ಏಳಕ್ಕೆ, ಇನ್ನೊಮ್ಮೆ ಮಧ್ಯಾಹ್ನ ಮೂರಕ್ಕೆ ಕೊಟ್ಟು ಎರಡನ್ನೂ ಹೋಲಿಸಬೇಡಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ತೋರಿಸುತ್ತದೆ. ಥೈರಾಯ್ಡಿನಿಂದ ಕೂದಲು ಉದುರುವವರೇ ಬಯೋಟಿನ್ ಹೆಚ್ಚಾಗಿ ನುಂಗುವುದು, ಅಲ್ಲಿಗೆ ಗೊಂದಲ ಪೂರ್ಣ.

ಅನುಭವಿ ವೈದ್ಯರು ರಿಪೋರ್ಟಿನಲ್ಲೇ ಒಂದು ಗುಟ್ಟು ಓದುತ್ತಾರೆ. ಟಿಎಸ್‌ಎಚ್ ತುಂಬ ಹೆಚ್ಚು, ಆದರೆ ಫ್ರೀ ಟಿ4 ಸರಿಯಾಗಿದೆ ಅಥವಾ ಮೇಲಂಚಿನಲ್ಲಿದೆ ಎಂದರೆ, ತಿಂಗಳೆಲ್ಲ ಬಿಟ್ಟು ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮಾತ್ರೆ ನೆನಪಾಗಿರಬಹುದು ಎಂದು ಅವರಿಗೆ ಅನುಮಾನ ಬರುತ್ತದೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಳು ಬೇಕು. ಮುಚ್ಚಿಡುವುದಕ್ಕಿಂತ "ತಿಂಗಳಲ್ಲಿ ಎಂಟು ದಿನ ತಪ್ಪಿದೆ" ಎಂದುಬಿಟ್ಟರೆ ಬೇಡದ ಡೋಸ್ ಏರಿಕೆ ತಪ್ಪುತ್ತದೆ.

ಮರೆತರೆ

ಅದೇ ದಿನ ನೆನಪಾದರೆ, ಏನಾದರೂ ತಿಂದು ಮೂರು ಗಂಟೆಯಾದ ಮೇಲೆ ಅಥವಾ ಮಲಗುವಾಗ ನುಂಗಿ. ಮರುದಿನ ನೆನಪಾದರೆ ಸಾಮಾನ್ಯವಾಗಿ ಆ ದಿನದ ಒಂದನ್ನು ಮಾತ್ರ. ರಕ್ತದಲ್ಲಿ ಅರ್ಧಕ್ಕೆ ಇಳಿಯಲೇ ಸುಮಾರು ಏಳು ದಿನ ಬೇಕಾದ್ದರಿಂದ ಒಂದು ದಿನ ತಪ್ಪಿದ್ದಕ್ಕೆ ಗಾಬರಿ ಬೇಡ. ಕೆಲವು ವೈದ್ಯರು ಆರೋಗ್ಯವಂತ ಯುವಕರಿಗೆ ತಪ್ಪಿದ್ದನ್ನೂ ಸೇರಿಸಿ ಎರಡು ನುಂಗಲು ಹೇಳುತ್ತಾರೆ. ಹಾಗೆ ಹೇಳಿದ್ದರೆ ಮಾತ್ರ ಮಾಡಿ. ಹೃದಯದ ತೊಂದರೆ ಇದ್ದವರಿಗೆ ಅದು ಬೇಡವೇ ಬೇಡ. ಆಪರೇಷನ್‌ಗೆ ಉಪವಾಸ ಇರಲು ಹೇಳಿದ ದಿನ ಒಂದು ಗುಟುಕು ನೀರಲ್ಲಿ ಇದನ್ನು ನುಂಗಲು ಸಾಮಾನ್ಯವಾಗಿ ಒಪ್ಪುತ್ತಾರೆ, ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕೇಳಿ.

ಮೈ ಬೆವರುವುದು, ಕೈನಡುಕ, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಡೋಸ್ ಹೆಚ್ಚಾಗಿರುವ ಸೂಚನೆ. ಎದೆನೋವು, ತಾಳತಪ್ಪಿದ ಎದೆಬಡಿತ, ಉಸಿರುಕಟ್ಟುವುದು ಇದ್ದರೆ ಟೆಸ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಅಂಗಡಿಯಲ್ಲಿ, ಮನೆಯಲ್ಲಿ

ಬಾಟಲಿ ಕೈಗೆ ಬಂದಾಗ ಓದಬೇಕಾದ್ದು ಹೆಸರಲ್ಲ, ಅಂಕಿ. 12.5 ಮತ್ತು 125ರ ನಡುವೆ ಒಂದು ಚುಕ್ಕೆಯ ವ್ಯತ್ಯಾಸ, ಡೋಸಿನಲ್ಲಿ ಹತ್ತು ಪಟ್ಟು. ಕೈಬರಹದ ಚೀಟಿಯಲ್ಲಿ ಆ ಚುಕ್ಕೆ ಕಾಣದಿದ್ದರೆ ಅಂಗಡಿಯವರನ್ನು ಊಹಿಸಲು ಬಿಡದೆ ವೈದ್ಯರಿಗೆ ಫೋನ್ ಮಾಡಿ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗ ಅಲ್ಲಿನ ಬಾಟಲಿಯಲ್ಲಿ 0.1 ಮಿಲಿಗ್ರಾಂ ಎಂದಿದ್ದರೆ ಅದು ನಮ್ಮ 100 ಮೈಕ್ರೋಗ್ರಾಮೇ.

ಬೆಳಕು, ಬಿಸಿ, ತೇವ ಮೂರೂ ಈ ಮಾತ್ರೆಗೆ ಆಗದು. ಒಲೆಯ ಮೇಲಿನ ಶೆಲ್ಫ್, ಕಾರಿನ ಡ್ಯಾಶ್‌ಬೋರ್ಡ್, ಕಿಟಕಿಯ ಕಟ್ಟೆ ಬಿಡಿ. ನೂರು ಮಾತ್ರೆಯ ಬಾಟಲಿ ಮೂರು ತಿಂಗಳು ದಿನಾ ತೆರೆದು ಮುಚ್ಚುವಂಥದ್ದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರೆ ತೇವ ಒಳಗೇ ಕೂರುತ್ತದೆ. ಒಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ, ಒದ್ದೆ ಕೈಯಲ್ಲಿ ಮಾತ್ರೆ ತೆಗೆಯಬೇಡಿ. ವಾರದ ಡಬ್ಬಿಗೆ ಹಾಕಿಕೊಳ್ಳುವುದಾದರೆ ಒಂದೇ ವಾರದಷ್ಟು ಹಾಕಿ. ಬಣ್ಣ ಬದಲಾದ, ಮುಟ್ಟಿದರೆ ಪುಡಿಯಾಗುವ ಮಾತ್ರೆಗಳನ್ನು ನುಂಗದೆ ಹೊಸ ಬಾಟಲಿ ತನ್ನಿ.